ಏಳನೇ ನಟ್ಟಿನ ಗೆರೆ

ಎಲ್ಲರೂ ಮೇಷ್ಟ್ರು ಎಂದು ಕರೆಯುತ್ತಿದ್ದರೂ ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಹೆಲಿಕಾಪ್ಟರ್ ಮೆಕ್ಯಾನಿಕ್. ಆ ಹೆಸರಿಟ್ಟವಳು ಪೈಲಟ್ ಹುಡುಗಿ. ಅವಳು ಕೆಲಸಕ್ಕೆ ಸೇರಿದ ಮೊದಲ ದಿನವೇ ಅವಳನ್ನು ಯಂತ್ರದ ಸುತ್ತ ಮೂರು ಸುತ್ತು ತಿರುಗಿಸಿ, ಒಂದೊಂದು ನಟ್ಟನ್ನೂ ಬೆರಳಿಟ್ಟು ಮುಟ್ಟಿಸಿ, ಕೊನೆಗೆ, "ಈಗ ಕಣ್ಮುಚ್ಚಿ ಹೇಳಮ್ಮ, ನಾಲ್ಕನೇದು ಎಲ್ಲಿದೆ?" ಎಂದು ಕೇಳಿದ್ದರು. ಹುಡುಗಿ ತಪ್ಪು ಹೇಳಿದಳು. "ಮತ್ತೆ ಮೊದಲಿಂದ" ಎಂದರು. ಹೀಗೆ ಮಧ್ಯಾಹ್ನದವರೆಗೂ ನಡೆಯಿತು. ಊಟದ ಡಬ್ಬಿ ಬಿಚ್ಚುವಾಗ ಅವಳು, "ನಮ್ಮ ಲೆಕ್ಕದ ಮೇಷ್ಟ್ರೇ ವಾಸಿ, ಒಂದೇಟು ಕೊಟ್ಟು ಬಿಟ್ಬಿಡ್ತಿದ್ರು" ಎಂದಳು. ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ಹೆಸರು ಅಂಟಿಕೊಂಡಿತು.

ಹೆಲಿಕಾಪ್ಟರ್ ಎಂದ ಕೂಡಲೇ ದೊಡ್ಡವರು ಕೈಬೀಸುತ್ತಾ ಇಳಿದು ಬರುವ ಭಾರಿ ಯಂತ್ರವನ್ನು ಊಹಿಸಿಕೊಳ್ಳಬೇಡಿ. ಇದು ಎರಡೇ ಸೀಟಿನದು, ಅಗಲದಲ್ಲಿ ಸಣ್ಣ ಕಾರಿಗೂ ಕಡಿಮೆ. ಹಣ್ಣಿನ ತೋಟಗಳ ಮೇಲೆ ತಗ್ಗಿನಲ್ಲಿ ಹಾರಿ ಔಷಧಿ ಸಿಂಪಡಿಸುವುದು ಅದರ ಕಸುಬು. ಊರ ಹೊರಗಿನ ಬಯಲಿನಲ್ಲಿ ತಗಡಿನ ಶೆಡ್ಡು, ಒಳಗೆ ಉದ್ದನೆಯ ಮೇಜು, ಗೋಡೆಗೆ ಒಂದು ಹಲಗೆ. ಆ ಹಲಗೆಯ ಮೇಲೆ ಪ್ರತಿ ಸಾಮಾನಿನ ಆಕಾರವನ್ನೂ ಬಿಳಿ ಬಣ್ಣದಲ್ಲಿ ಬರೆದಿತ್ತು. ಸ್ಪ್ಯಾನರ್ ತೆಗೆದರೆ ಅದರ ಬಿಳಿ ಆಕಾರ ಖಾಲಿ ಕಾಣಬೇಕು, ಸಂಜೆ ಹೊತ್ತಿಗೆ ಯಾವ ಆಕಾರವೂ ಖಾಲಿ ಇರಬಾರದು. ಅದು ಮೇಷ್ಟ್ರ ಕಟ್ಟಳೆ.

ಮೇಷ್ಟ್ರಿಗೆ ಕಟ್ಟಳೆಗಳೇ ಜಾಸ್ತಿ. ಹೆಗಲ ಮೇಲಿನ ಬಟ್ಟೆ ಎಡಗಡೆಗೇ ಇರಬೇಕು. ಶೆಡ್ಡಿನಲ್ಲಿ ಯಾರೂ ಸಿಳ್ಳೆ ಹಾಕಬಾರದು. ಜೇಬಿನ ಪೆನ್ನನ್ನು ಯಾರಿಗೂ ಕೊಡುವುದಿಲ್ಲ, ಕೇಳಿದವನು ಯಜಮಾನನಾದರೂ ಸರಿ. ಅಣ್ಣನ ಪಂಪ್‌ಸೆಟ್ ರಿಪೇರಿ ಅಂಗಡಿಯಲ್ಲಿ ಕೈ ಕರಿ ಮಾಡಿಕೊಂಡು ಬೆಳೆದವರು ಅವರು. ಇಪ್ಪತ್ತೆರಡನೇ ವಯಸ್ಸಿಗೆ ಹೆಲಿಕಾಪ್ಟರ್ ಶೆಡ್ಡು ಗುಡಿಸುವ ಕೆಲಸಕ್ಕೆ ಸೇರಿ, ಅಲ್ಲಿದ್ದ ಮುಂಗೋಪಿ ಮುದುಕ ಮೆಕ್ಯಾನಿಕ್ಕಿನ ಕೈಯಲ್ಲಿ ಬೈಸಿಕೊಂಡು ವಿದ್ಯೆ ಕಲಿತರು. ಆ ಮುದುಕನ ಮೊದಲ ಪಾಠವನ್ನು ಮೂವತ್ತು ವರ್ಷವಾದ ಮೇಲೂ ಹಾಗೇ ಒಪ್ಪಿಸುತ್ತಿದ್ದರು: "ಮೊದಲು ಟಿಕ್, ಆಮೇಲೆ ಗೆರೆ."

ಅದೇನೆಂದು ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಟಾರ್ಕ್ ರೆಂಚ್ ಎಂಬ ಒಂದು ಸ್ಪ್ಯಾನರ್ ಇದೆ. ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ಹೊಂದಿಸಿ ತಿರುಗಿಸಿದರೆ, ಆ ಬಿಗಿ ಬಂದ ಕ್ಷಣ ಅದು ಟಿಕ್ ಎನ್ನುತ್ತದೆ. ಆಮೇಲೆ ನಟ್ಟಿನ ಮೇಲಿಂದ ಪಕ್ಕದ ಲೋಹದವರೆಗೆ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆಯಬೇಕು. ನಟ್ಟು ಒಂದೆಳೆ ತಿರುಗಿದರೂ ಗೆರೆ ಎರಡು ತುಂಡು. ಗೆರೆ ನೇರವಾಗಿದೆಯೆಂದರೆ ನಟ್ಟು ಬಿಗಿಯಾಗಿದೆ. ಪೈಲಟ್ ಹುಡುಗಿ ದಿನಾ ಬೆಳಿಗ್ಗೆ ಹಾರುವ ಮುನ್ನ ಮುಖ್ಯವಾದ ಹತ್ತು ಗೆರೆಗಳ ಮೇಲೆ ಬೆರಳಿಟ್ಟು ಎಣಿಸುತ್ತಿದ್ದಳು. ಮುಗಿದ ಮೇಲೆ ಮೇಷ್ಟ್ರ ಕಡೆ ತಿರುಗಿ, ಪರೀಕ್ಷೆಯ ಅಂಕ ಹೇಳುವ ಹುಡುಗಿಯ ಹಾಗೆ, "ಹತ್ತಕ್ಕೆ ಹತ್ತು!" ಎನ್ನುತ್ತಿದ್ದಳು.

ಅಷ್ಟೇ ಅಲ್ಲ, ಹತ್ತನ್ನೂ ಫೋನಿನಲ್ಲಿ ಫೋಟೋ ತೆಗೆದು ತಂದೆಗೆ ಕಳಿಸುತ್ತಿದ್ದಳು. ತಂದೆ ನಲವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ದಿನಾ ಬೆಳಿಗ್ಗೆ ಚಕ್ರದ ನಟ್ಟುಗಳನ್ನು ಬಡಿದು ನೋಡದೆ, ಹಿಂದಿನಿಂದ ಕಂಡಕ್ಟರ್ "ರೈಟ್" ಅನ್ನದೆ, ಬಸ್ಸನ್ನು ಅಲುಗಿಸಿದವರಲ್ಲ. ಮಗಳು ಆಕಾಶಕ್ಕೆ ಹಾರುತ್ತೇನೆಂದಾಗ ಅವರು ಹಾಕಿದ ಷರತ್ತು ಒಂದೇ: "ನಟ್ಟು ತೋರಿಸು, ನಾನು ರೈಟ್ ಅಂತೀನಿ, ಆಮೇಲೆ ಹೋಗು." ಹತ್ತು ಫೋಟೋ ಹೋಗುತ್ತಿತ್ತು, ಅರ್ಧ ನಿಮಿಷದಲ್ಲಿ ಅಪ್ಪನ ಧ್ವನಿ ಬರುತ್ತಿತ್ತು: "ರೈಟ್!" ಶೆಡ್ಡಿನಲ್ಲಿ ಇದು ದಿನದ ತಮಾಷೆಯಾಗಿತ್ತು.

ಯಜಮಾನರ ಬಗ್ಗೆಯೂ ಎರಡು ಮಾತು ಹೇಳಬೇಕು. ಅವರು ಕೆಟ್ಟ ಮನುಷ್ಯರೇನಲ್ಲ, ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು. ನಗುನಗುತ್ತಲೇ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಮೇಷ್ಟ್ರೇ" ಎನ್ನುವ ಜಾತಿ. ಈ ಶೆಡ್ಡಿನ ಮೂರು ಹೆಲಿಕಾಪ್ಟರಿಗೆ ಇಬ್ಬರು ಮೆಕ್ಯಾನಿಕ್‌ಗಳಿದ್ದರು. ಒಬ್ಬ ಬಿಟ್ಟು ಹೋದ, ಅವನ ಜಾಗಕ್ಕೆ ಯಾರೂ ಬರಲಿಲ್ಲ. ಒಬ್ಬ ಮಾಡಿದ ಕೆಲಸವನ್ನು ಇನ್ನೊಬ್ಬ ನೋಡಿ ರಿಜಿಸ್ಟರಿನಲ್ಲಿ ಎರಡನೇ ಸಹಿ ಹಾಕಬೇಕೆಂಬ ನಿಯಮವಿತ್ತು. ಯಜಮಾನರು, "ಎರಡೂ ಕಡೆ ನೀವೇ ಹಾಕಿ, ನಿಮಗಿಂತ ತಿಳಿದವರು ಯಾರಿದ್ದಾರೆ?" ಎಂದರು. ಟಾರ್ಕ್ ರೆಂಚ್ ಎರಡಿದ್ದದ್ದು ಒಂದಾಯಿತು, ಆ ಒಂದು ಈ ಶೆಡ್ಡಿಗೂ ಪಕ್ಕದೂರಿನಲ್ಲಿದ್ದ ಯಜಮಾನರ ಇನ್ನೊಂದು ಶೆಡ್ಡಿಗೂ ಓಡಾಡತೊಡಗಿತು. ಒಮ್ಮೆ ಬಿಚ್ಚಿದರೆ ಬಿಸಾಡಬೇಕಾದ ನಟ್ಟುಗಳನ್ನೇ ಮತ್ತೆ ಹಾಕುವುದಾಯಿತು. ಗೆರೆ ಎಳೆಯುವ ಬಣ್ಣದ ಟ್ಯೂಬಂತೂ ಬರುವುದೇ ನಿಂತುಹೋಯಿತು. ಪ್ರತಿ ಸಲವೂ ಮೇಷ್ಟ್ರು ಗೊಣಗಿದರು, ಪ್ರತಿ ಸಲವೂ ಅಡ್ಜಸ್ಟ್ ಮಾಡಿಕೊಂಡರು. ಇದನ್ನು ಮುಚ್ಚಿಟ್ಟು ಅವರನ್ನು ದೊಡ್ಡವರನ್ನಾಗಿ ಮಾಡುವುದು ನನಗೆ ಬೇಕಿಲ್ಲ.

ಬಣ್ಣಕ್ಕೆ ಅವರು ಕಂಡುಕೊಂಡ ದಾರಿ ಹೆಂಡತಿಯ ನೈಲ್ ಪಾಲಿಶ್. ಯಾವುದೋ ಮದುವೆಗೆಂದು ಕೊಂಡು, ಎರಡು ಸಲ ಹಚ್ಚಿ, ಕಪಾಟಿನಲ್ಲಿ ಮರೆತ ಕೆಂಪು ಬಾಟಲಿ. "ತಗೊಂಡ್ ಹೋಗಿ, ಆದ್ರೆ ಅದು ಓಬೀರಾಯನ ಕಾಲದ್ದು, ಬ್ರಷ್ಷಿನ ಕೂದಲು ಉದುರುತ್ತೆ" ಎಂದಳು ಹೆಂಡತಿ. ಪೈಲಟ್ ಹುಡುಗಿ ಆ ಬಾಟಲಿ ನೋಡಿ, ಹೆಲಿಕಾಪ್ಟರ್ ಕಡೆ ಕೈ ತೋರಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. "ಮೇಷ್ಟ್ರೇ, ಇವಳಿಗೆ ಗಂಡು ನೋಡ್ತಿದೀರಾ ಹೇಗೆ?"

"ನೋಡ್ತಿದೀನಿ. ಮೊದಲು ನಿನಗೆ, ಆಮೇಲೆ ಇವಳಿಗೆ."

"ಹಾಗಾದ್ರೆ ಇವಳು ಮುದುಕಿ ಆಗ್ತಾಳೆ ಬಿಡಿ."

ಆ ಸೋಮವಾರ ಬೆಳಿಗ್ಗೆ ಮೇಷ್ಟ್ರು ಹತ್ತೂ ನಟ್ಟುಗಳ ಹಳೆಯ ಗೆರೆ ಕೆರೆದು, ಸವೆದ ಭಾಗಗಳನ್ನು ಬದಲಿಸಿ, ಒಂದೊಂದಾಗಿ ಬಿಗಿ ಮಾಡುತ್ತಾ ಬಂದರು. ಏಳನೆಯದು ತಲೆಯ ಮೇಲೆ ತಿರುಗುವ ರೆಕ್ಕೆಗಳನ್ನು ಓರೆ ಮಾಡುವ ಕೋಲಿನ ನಟ್ಟು. ಅದು ಕಳಚಿದರೆ ಪೈಲಟ್ ಏನು ಎಳೆದರೂ ಯಂತ್ರ ಮಾತು ಕೇಳುವುದಿಲ್ಲ. ಅದರ ಭಾಗ ಹೊಂದಿಸಲು ಸಮಯ ಹಿಡಿಯುತ್ತದೆಂದು ಅದನ್ನು ಕೊನೆಗೆ ಉಳಿಸಿಕೊಂಡಿದ್ದರು. ಒಂಬತ್ತು ಸಲ ಟಿಕ್ ಆಯಿತು. ಏಳನೆಯದನ್ನು ಕೈಯಲ್ಲಿ ತಿರುಗಿಸಿ ಕೂರಿಸುವ ಹೊತ್ತಿಗೆ ಇನ್ನೊಂದು ಶೆಡ್ಡಿನ ಗಾಡಿ ಬಂದು, ಅಲ್ಲಿ ತುರ್ತು ಇದೆಯೆಂದು ಟಾರ್ಕ್ ರೆಂಚ್ ತೆಗೆದುಕೊಂಡು ಹೋಯಿತು. ಸಂಜೆ ವಾಪಸ್ ಬರುತ್ತದೆ, ಆಗ ಮಾಡಿದರಾಯಿತು ಎಂದುಕೊಂಡು ಮೇಷ್ಟ್ರು ಬಾಟಲಿ ಬಿಚ್ಚಿ ಗೆರೆ ಎಳೆಯಲು ಕೂತರು. ಒಂದು, ಎರಡು, ಮೂರು. ಮೂವತ್ತು ವರ್ಷ ಓಡಿದ ಕೈ ಅದು, ಆರರಿಂದ ಏಳಕ್ಕೆ ತಾನಾಗಿ ಹೋಯಿತು. ಎಳೆದ ಮೇಲೆ ಗೊತ್ತಾಯಿತು. ಛೆ, ಟಿಕ್ ಆಗಿಲ್ಲ. ಜೊತೆಗೆ ಬ್ರಷ್ಷಿನ ಒಂದು ಕೂದಲು ಬೇರೆ ಉದುರಿ, ಗೆರೆಯ ನಡುವೆ ಕೊಕ್ಕೆಯಂತೆ ಬಾಗಿ ಅಂಟಿಕೊಂಡಿತ್ತು. ಹೇಗೂ ಬಿಗಿ ಮಾಡಿದಾಗ ಗೆರೆ ಮುರಿಯುತ್ತದೆ, ಆಗ ಕೆರೆದು ಹೊಸದು ಎಳೆದರಾಯಿತು ಎಂದುಕೊಂಡು ಮುಂದಿನ ಮೂರಕ್ಕೆ ಹೋದರು. ಹೆಗಲ ಮೇಲೆ ಬಟ್ಟೆ ಇತ್ತು. ಒಂದು ಸಲ ಒರೆಸಿದ್ದರೆ ಸಾಕಿತ್ತು.

ಅಷ್ಟರಲ್ಲಿ ಯಜಮಾನರ ಫೋನು. ಮೂರನೇ ಹೆಲಿಕಾಪ್ಟರ್ ಒಂದು ತೋಟದಲ್ಲಿ ಇಳಿದು ಸ್ಟಾರ್ಟ್ ಆಗುತ್ತಿಲ್ಲ, ಈಗಲೇ ಹೊರಡಿ. ಮೇಷ್ಟ್ರು ರಿಜಿಸ್ಟರಿಗೆ ಎರಡೂ ಕಡೆ ಸಹಿ ಹಾಕಿ ಓಡಿದರು. ಸಂಜೆ ಬಂದಾಗ ಮೈಯೆಲ್ಲ ಎಣ್ಣೆ, ಸೊಂಟ ಬಿದ್ದುಹೋಗಿತ್ತು. ಟಾರ್ಕ್ ರೆಂಚ್ ಮೇಜಿನ ಮೇಲಿತ್ತು. ಎತ್ತಿ ಹಲಗೆಗೆ ನೇತು ಹಾಕಿದರು. ಹಲಗೆ ನೋಡಿದರು. ಒಂದು ಬಿಳಿ ಆಕಾರವೂ ಖಾಲಿ ಇರಲಿಲ್ಲ. ಎಲ್ಲ ಜಾಗಕ್ಕೆ ಸೇರಿದೆ, ಎಲ್ಲ ಮುಗಿದಿದೆ ಎಂಬ ನೆಮ್ಮದಿಯಲ್ಲಿ ಬಾಗಿಲು ಎಳೆದುಕೊಂಡು ಮನೆಗೆ ಹೋದರು.

ಮರುದಿನ ಬೆಳಿಗ್ಗೆ ಗಾಳಿ ಇರಲಿಲ್ಲ, ಸಿಂಪಡಿಸಲು ಹೇಳಿ ಮಾಡಿಸಿದ ದಿನ. ಮೇಷ್ಟ್ರು ಕನ್ನಡಕ ಜೇಬಿನಲ್ಲೇ ಇಟ್ಟುಕೊಂಡು ಸುತ್ತು ಬಂದರು. ಹತ್ತು ಕೆಂಪು ಗೆರೆ ನೇರವಾಗಿ ಕಂಡವು. ಹುಡುಗಿಯೂ ಬೆರಳಿಟ್ಟು ಎಣಿಸಿದಳು, ಫೋಟೋ ತೆಗೆದಳು, "ಹತ್ತಕ್ಕೆ ಹತ್ತು!" ಎಂದಳು. ಫೋನಿನಿಂದ "ರೈಟ್!" ಕೇಳಿಸಿತು. ಹೆಲಿಕಾಪ್ಟರ್ ಏರಿತು.

ಒಂಬತ್ತು ನಿಮಿಷ. ಪಕ್ಕದ ತೋಟದಲ್ಲಿ ಹಣ್ಣು ಕೀಳುತ್ತಿದ್ದ ಹೆಂಗಸರು ಹೇಳಿದ್ದು ಇಷ್ಟೇ: ಸರಿಯಾಗಿ ಹೋಗುತ್ತಿತ್ತು, ಇದ್ದಕ್ಕಿದ್ದ ಹಾಗೆ ದಾರ ಕಡಿದ ಗಾಳಿಪಟದಂತೆ ಒಂದು ಪಕ್ಕಕ್ಕೆ ವಾಲಿತು, ಮರಗಳ ಸಾಲಿನ ಮೇಲೆ ಬಿತ್ತು. ಮೇಷ್ಟ್ರು ಔಷಧಿಯ ಟ್ಯಾಂಕರ್ ಹತ್ತಿಕೊಂಡು ಅಲ್ಲಿಗೆ ಹೋದರು. ಅವಳನ್ನು ಆಗಲೇ ಮರದ ಕೆಳಗೆ ಮಲಗಿಸಿ ಯಾರೋ ಒಂದು ಹಳೇ ಸೀರೆ ಹೊದಿಸಿದ್ದರು. ಅವಳ ಬಲಗೈ ಹೊರಗಿತ್ತು. ದಿನಾ ಗೆರೆ ಮುಟ್ಟುತ್ತಿದ್ದ ತೋರುಬೆರಳಿಗೆ ಸ್ವಲ್ಪ ಕೆಂಪು ಮೆತ್ತಿತ್ತು. ರಕ್ತವೋ ಬಣ್ಣವೋ ಎಂದು ನೋಡುವ ಧೈರ್ಯ ಅವರಿಗೆ ಬರಲಿಲ್ಲ.

ವಿಚಾರಣೆಯವರು ಬಂದರು, ಅಳೆದರು, ಆರಿಸಿಕೊಂಡು ಹೋದರು. ಏಳನೆಯ ಬೋಲ್ಟ್ ಸಿಕ್ಕಿತು, ನಟ್ಟು ಸಿಗಲಿಲ್ಲ. ಬಿದ್ದ ಪೆಟ್ಟಿಗೆ ಹಾರಿಹೋಗಿರಬಹುದು ಎಂದರು. ಮೇಷ್ಟ್ರನ್ನು ಕೂರಿಸಿಕೊಂಡು ಕೇಳಿದರು: "ಬಿಗಿ ಮಾಡಿದ್ರಾ?" "ಮಾಡಿದ್ದೆ." "ಬೆಳಿಗ್ಗೆ ಗೆರೆ ನೇರವಾಗಿತ್ತಾ?" "ನೇರವಾಗಿತ್ತು." ಅವರು ಸುಳ್ಳು ಹೇಳಲಿಲ್ಲ. ಆಗ ಅವರು ಹಾಗೇ ನಂಬಿದ್ದರು. ಕೂದಲೇನೂ ಕಾಣದ ನೇರ ಗೆರೆಯನ್ನು ಕಣ್ಣಾರೆ ನೋಡಿದ್ದಾರೆ ಎಂದ ಮೇಲೆ, ಸಂಜೆ ಬಿಗಿ ಮಾಡಿ, ಕೆರೆದು, ಹೊಸ ಗೆರೆ ಎಳೆದೇ ಇರಬೇಕು. ದಣಿವಿನಲ್ಲಿ ನೆನಪಿಲ್ಲ, ಅಷ್ಟೇ. ಆದರೂ ಎರಡು ತಿಂಗಳು ಊಟದ ತಟ್ಟೆಯ ಮುಂದೆ ಕೂತು ಬಲಗೈಯನ್ನು ಗಾಳಿಯಲ್ಲಿ ತಿರುಗಿಸುತ್ತಿದ್ದರು.

"ಏನ್ರೀ ಅದು?" ಎಂದು ಹೆಂಡತಿ ಕೇಳಿದರೆ, "ಆ ದಿನ ಸಂಜೆ ಟಿಕ್ ಅಂತೋ ಇಲ್ವೋ ಅಂತ ನೆನಪು ಮಾಡ್ಕೋತಿದೀನಿ" ಎನ್ನುತ್ತಿದ್ದರು.

"ಅಂದಿರುತ್ತೆ. ನೀವು ಯಾವತ್ತು ಬಿಟ್ಟಿದೀರಿ? ಊಟ ಮಾಡಿ."

ಕರಡು ವರದಿ ಬಂತು. ಹೊರಡುವ ಮುನ್ನ ಪೈಲಟ್ಟೇ ತೆಗೆದ ಫೋಟೋಗಳಲ್ಲಿ ಹತ್ತೂ ಗೆರೆ ನೇರವಾಗಿವೆ, ಯಂತ್ರದಲ್ಲಿ ದೋಷವಿತ್ತೆಂದು ಹೇಳಲು ಆಧಾರವಿಲ್ಲ, ಪೈಲಟ್ ಮರಗಳಿಗೆ ತೀರಾ ಹತ್ತಿರ ಹಾರಿರಬಹುದು. ಆಕ್ಷೇಪಣೆ ಇದ್ದರೆ ಶುಕ್ರವಾರದೊಳಗೆ ಬರೆದು ಕೊಡಬೇಕು. ಯಜಮಾನರು ಶೆಡ್ಡಿಗೆ ಬಂದು ಮೇಷ್ಟ್ರ ಬೆನ್ನು ತಟ್ಟಿ, "ಬಚಾವಾದ್ವಿ. ಪಾಪ, ಒಳ್ಳೇ ಹುಡುಗಿ, ಆದ್ರೆ ವಯಸ್ಸಿನ ಹುರುಪು ನೋಡಿ" ಎಂದರು. ಮೇಷ್ಟ್ರು ಏನೂ ಹೇಳಲಿಲ್ಲ. ಆ ಮೌನದ ಬಗ್ಗೆ ಅವರಿಗೆ ಆಮೇಲೆ ಬಹಳ ನಾಚಿಕೆಯಾಯಿತು.

ಬುಧವಾರ ಮಧ್ಯಾಹ್ನ ಹುಡುಗಿಯ ತಂದೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಮಡಚಿದ ವರದಿ. ಶೆಡ್ಡಿನಲ್ಲಿ ನಿಂತಿದ್ದ ಇನ್ನೊಂದು ಹೆಲಿಕಾಪ್ಟರಿನ ಪಕ್ಕ ಹಾದು ಬರುವಾಗ ಅವರ ಬೆರಳು ಅಭ್ಯಾಸದಿಂದ ಅದರ ಒಂದು ನಟ್ಟನ್ನು ತಟ್ಟಿ ನೋಡಿತು. ಮೇಷ್ಟ್ರು ಸ್ಟೂಲು ಎಳೆದು ಕೊಟ್ಟರು. ನೀರು ಕೊಟ್ಟರು. ಅವರು ಕುಡಿಯಲಿಲ್ಲ.

"ಈ ಫೋಟೋ ಕೊಟ್ಟವನು ನಾನೇ ಕಣ್ರೀ" ಎಂದರು. "ನನ್ನ ಮಗಳು ಎಷ್ಟು ಹುಷಾರು ಅಂತ ತೋರಿಸೋಣ ಅಂತ ಕೊಟ್ಟೆ. ಅದನ್ನೇ ಹಿಡ್ಕೊಂಡು ತಪ್ಪೆಲ್ಲಾ ಅವಳ ತಲೆಗೆ ಕಟ್ಟಿದ್ರು. ನಲವತ್ತು ವರ್ಷ ಸ್ಟಿಯರಿಂಗ್ ಹಿಡಿದಿದೀನಿ. ಸತ್ತ ಡ್ರೈವರ್ ಮೇಲೆ ತಪ್ಪು ಹಾಕೋದು ಎಷ್ಟು ಸುಲಭ ಅಂತ ನನಗೆ ಗೊತ್ತು."

ಮೇಷ್ಟ್ರು ನೆಲ ನೋಡುತ್ತಿದ್ದರು.

"ನಾನು ಜಗಳಕ್ಕೆ ಬಂದಿಲ್ಲ. ಅವಳಿಗೆ ನಿಮ್ಮಷ್ಟು ಯಾರೂ ಹೇಳಿಕೊಟ್ಟಿಲ್ಲ, ಮನೇಲಿ ಬಾಯಿ ತೆಗೆದ್ರೆ ನಿಮ್ಮದೇ ಮಾತು. ಅದಕ್ಕೇ ನಿಮ್ಮ ಹತ್ರ ಬಂದೆ. ನೀವೇ ನೋಡಿ ಹೇಳಿ. ಅವಳು ಏನಾದ್ರೂ ನೋಡದೆ ಬಿಟ್ಟಿದ್ಲಾ? ಬಿಟ್ಟಿದ್ರೆ ಬಿಟ್ಟಿದ್ಲು ಅನ್ನಿ. ತಡ್ಕೋತೀನಿ."

ತಂದೆ ತಮ್ಮ ಫೋನಿನಲ್ಲಿ ಆ ಫೋಟೋಗಳನ್ನು ತೆರೆದು ಕೊಟ್ಟರು. ಮೇಷ್ಟ್ರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ವಿಚಾರಣೆಯವರು ಅವರಿಗೆ ಫೋಟೋ ತೋರಿಸಿರಲಿಲ್ಲ, ಬಾಯಲ್ಲಿ ಕೇಳಿದ್ದರು ಅಷ್ಟೇ. ಒಂದನೆಯದು ನೇರ. ಎರಡನೆಯದು ನೇರ. ಪ್ರತಿ ಫೋಟೋದಲ್ಲೂ ಅವಳ ತೋರುಬೆರಳ ತುದಿ ಗೆರೆಯ ಪಕ್ಕ ಕಾಣುತ್ತಿತ್ತು. ಏಳನೆಯದು ಬಂತು. ನೇರವಾಗಿತ್ತು. ಮೇಷ್ಟ್ರು ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿದರು. ಗೆರೆಯ ನಡುವೆ ಒಂದು ಸಣ್ಣ ಕೂದಲು, ಕೊಕ್ಕೆಯಂತೆ ಬಾಗಿ, ಅಂಟಿಕೊಂಡಿತ್ತು.

ಇದು ಸೋಮವಾರ ಟಿಕ್ ಆಗುವ ಮೊದಲೇ ಎಳೆದ ಗೆರೆ. ಕೆರೆದಿಲ್ಲ, ಹೊಸದು ಎಳೆದಿಲ್ಲ. ಆಮೇಲೆ ಬಿಗಿ ಮಾಡಿದ್ದರೆ ಈ ಗೆರೆ ಮುರಿದಿರಬೇಕಿತ್ತು. ಲೋಕಕ್ಕೆಲ್ಲ ಎಲ್ಲ ಸರಿಯಿದೆ ಎಂದು ಹೇಳುವ ಆ ನೇರ ಗೆರೆ, ಅವರೊಬ್ಬರಿಗೆ ಮಾತ್ರ, ಟಿಕ್ ಆಗಲೇ ಇಲ್ಲ ಎಂದು ಹೇಳುತ್ತಿತ್ತು.

ಮನುಷ್ಯನ ಮನಸ್ಸು ಎಂಥದು ನೋಡಿ. ಅಂಥ ಹೊತ್ತಿನಲ್ಲೂ ಅದು ಲೆಕ್ಕ ಹಾಕಿತು. ಈ ಕೂದಲನ್ನು ಓದಬಲ್ಲವರು ಬೇರೆ ಯಾರೂ ಇಲ್ಲ. ವಿಚಾರಣೆಯವರು ನೋಡಿಯೂ ನೋಡಿಲ್ಲ. ಎದುರಿಗೆ ಕೂತವರಿಗೆ ತಿಳಿಯುವುದಿಲ್ಲ. "ಎಲ್ಲಾ ನೋಡಿದ್ದಾಳೆ, ಪಾಪ, ಗ್ರಹಚಾರ" ಎಂದು ಫೋನು ವಾಪಸ್ ಕೊಟ್ಟರೆ ಮುಗಿಯಿತು. ಆ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಆಗ ಫೋಟೋದಲ್ಲಿದ್ದ ಬೆರಳ ತುದಿ ಮತ್ತೆ ಕಣ್ಣಿಗೆ ಬಿತ್ತು. ಗೆರೆಯ ಪಕ್ಕಕ್ಕೆ, ಅವರು ಹೇಳಿಕೊಟ್ಟ ಹಾಗೇ, ಉಗುರು ತಾಗದಂತೆ ಇಟ್ಟಿದ್ದ ಬೆರಳು.

"ನೋಡಿದ್ದಾಳೆ" ಎಂದರು ಮೇಷ್ಟ್ರು. "ಹತ್ತೂ ನೋಡಿದ್ದಾಳೆ. ಒಂದನ್ನೂ ಬಿಟ್ಟಿಲ್ಲ. ಈ ಏಳನೇ ಗೆರೆ ಇದೆಯಲ್ಲ, ಇದು ನೇರ ಇರಬಾರದಿತ್ತು."

"ಅಂದ್ರೆ?"

ಮೇಷ್ಟ್ರು ಹೇಳಿದರು. ಗಾಡಿ ಬಂದು ಟಾರ್ಕ್ ರೆಂಚ್ ತೆಗೆದುಕೊಂಡು ಹೋದದ್ದು, ಕೈ ತಾನಾಗಿ ಏಳಕ್ಕೆ ಹೋದದ್ದು, ಕೂದಲು ಅಂಟಿದ್ದು, ಒರೆಸದೆ ಬಿಟ್ಟದ್ದು, ಸಂಜೆ ಹಲಗೆ ನೋಡಿ ಮನೆಗೆ ಹೋದದ್ದು. ಹಳೇ ನಟ್ಟು ಹಾಕಿದ್ದನ್ನೂ, ಎರಡೂ ಸಹಿ ತಾನೇ ಹಾಕಿದ್ದನ್ನೂ ಹೇಳಿದರು. "ಮೊದಲು ಟಿಕ್, ಆಮೇಲೆ ಗೆರೆ ಅಂತ ಅವಳಿಗೆ ಹೇಳಿಕೊಟ್ಟವನು ನಾನು. ಗೆರೆ ನಂಬು ಅಂದವನೂ ನಾನೇ. ಅವಳು ನಂಬಿದಳು."

ತಂದೆ ಫೋನು ವಾಪಸ್ ತೆಗೆದುಕೊಂಡು ಏಳನೇ ಫೋಟೋ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: "ಹಾಗಾದ್ರೆ ಆವತ್ತು ನಾನು ರೈಟ್ ಅಂದದ್ದು?"

"ನೀವು ಅಂದದ್ದು ನನ್ನ ಗೆರೆ ನೋಡಿ. ಅದರಲ್ಲಿ ನಿಮ್ಮ ತಪ್ಪಿಲ್ಲ."

ತಂದೆ ಎದ್ದರು. ಸ್ಟೂಲು ಹಿಂದಕ್ಕೆ ಬಿತ್ತು. ಬಾಗಿಲವರೆಗೆ ಹೋಗಿ ಬಿಸಿಲಿಗೆ ಮುಖ ಮಾಡಿ ನಿಂತರು. ಹೊಡೆಯುತ್ತಾರೆಂದು ಮೇಷ್ಟ್ರು ಕಾದರು, ಹೊಡೆದಿದ್ದರೆ ಹಗುರಾಗುತ್ತಿತ್ತು. ತಂದೆ ತಿರುಗಿ ಬಂದು ಸ್ಟೂಲನ್ನು ತಾವೇ ಎತ್ತಿ ನಿಲ್ಲಿಸಿ ಕೂತರು.

"ನಿಮ್ಮನ್ನ ಕ್ಷಮಿಸೋಕೆ ನನ್ನ ಕೈಲಿ ಆಗಲ್ಲ" ಎಂದರು. "ಕೇಳಬೇಡಿ. ಆದ್ರೆ ಇದನ್ನ ಬರ್ದು ಕೊಡಿ. ಶುಕ್ರವಾರದೊಳಗೆ ಕೊಡಬೇಕಂತೆ."

ಮೇಷ್ಟ್ರು ಜೇಬಿನ ಪೆನ್ನು ತೆಗೆದರು. ಬರೆದರೆ ಲೈಸೆನ್ಸ್ ಹೋಗುತ್ತದೆ, ಬಹುಶಃ ಜೈಲೂ ಆಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಮೊದಲ ಹಾಳೆ ಕೆಟ್ಟಿತು. ಎರಡನೆಯದು ಫ್ಯಾನಿನ ಗಾಳಿಗೆ ಹಾರತೊಡಗಿದಾಗ ತಂದೆ ಅದರ ಅಂಚನ್ನು ಬೆರಳಿನಿಂದ ಒತ್ತಿ ಹಿಡಿದರು. ಒಬ್ಬರು ಬರೆಯುತ್ತಾ, ಇನ್ನೊಬ್ಬರು ಹಾಳೆ ಹಿಡಿದುಕೊಂಡು, ಇಬ್ಬರೂ ಹಾಗೆ ಕೂತಿದ್ದರು. ಮುಗಿದ ಮೇಲೆ ತಂದೆ, "ಓದಿ" ಎಂದರು.

ಮೇಷ್ಟ್ರು ಓದಿದರು. ಕೊನೆಯ ಸಾಲು ಹೀಗಿತ್ತು: "ಪೈಲಟ್ ಹತ್ತೂ ನಟ್ಟುಗಳನ್ನು ನೋಡಿದ್ದರು. ನಾನು ಒಂಬತ್ತನ್ನು ಮಾತ್ರ ಬಿಗಿ ಮಾಡಿದ್ದೆ."

"ಹತ್ತೂ ಅಂತ ಬರ್ದಿದೀರಲ್ಲ?"

"ಬರ್ದಿದೀನಿ."

"ಇನ್ನೊಂದ್ ಸಲ ಓದಿ."

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಮತ್ತೆ ಮೊದಲಿಂದ ಓದಿದರು.